ಪಾಮರೇನಿಯನ್ ನಾಯಿ ಮತ್ತು ರಾಯಚೂರಿನ ಬಿಸಿಲು

ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳಲ್ಲಿ ಪಾಮರೇನಿಯನ್ ಎಂದೇ ಕರೆಯಲಾಗುವ ಬಿಳಿ ಕೂದಲಿನ ನಾಯಿಗಳಲ್ಲಿ ಹಲವು, ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳಿಂದ ಇಲ್ಲಿಯೇ ರೂಪುಗೊಂಡ ಇಂಡಿಯನ್ ಸ್ಪಿಟ್ಜ್ ತಳಿಯವು. ಸ್ಪಿಟ್ಜ್ ಎಂದರೆ ಜರ್ಮನ್ ಭಾಷೆಯಲ್ಲಿ ಮೊನಚು. ಚೂಪು ಮೂತಿ, ನೆಟ್ಟಗಿನ ಕಿವಿ, ಬೆನ್ನಿನ ಮೇಲೆ ಸುರುಳಿಯಾಗುವ ಬಾಲ ಈ ಬಳಗದ ಗುರುತುಗಳು.

ಮೂಲ ಪಾಮರೇನಿಯನ್‌ಗೆ ಹೆಸರು ಕೊಟ್ಟ ಪಾಮರೇನಿಯ ಪ್ರಾಂತವು ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದಲ್ಲಿದ್ದು, ಇಂದು ಜರ್ಮನಿ ಮತ್ತು ಪೋಲೆಂಡ್‌ಗಳ ನಡುವೆ ಹಂಚಿಹೋಗಿದೆ. ಹಿಂದೆ ಈ ನಾಯಿ ಗಾತ್ರದಲ್ಲಿ ದೊಡ್ಡದಿತ್ತು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಚಿಕ್ಕ ನಾಯಿಗಳನ್ನು ತಂದ ಮೇಲೆ ಕಿರುಗಾತ್ರಕ್ಕೇ ಬೇಡಿಕೆ ಬೆಳೆದು, ಇಂದು ಅದರ ತೂಕ ಸುಮಾರು 2ರಿಂದ 3 ಕಿಲೋಗೆ ಇಳಿದಿದೆ.

ಈ ಕುಗ್ಗುವಿಕೆಯ ಬೆಲೆಯನ್ನು ನಾಯಿಯ ದೇಹವೇ ತೆರುತ್ತಿದೆ: ಮಂಡಿಚಿಪ್ಪು ಜಾರುವುದು, ಹಲ್ಲು ಬೇಗ ಹಾಳಾಗುವುದು, ಶ್ವಾಸನಾಳ ಕುಸಿದು ಒಣಕೆಮ್ಮು ಬರುವುದು ಇದರಲ್ಲಿ ಸಾಮಾನ್ಯ. ಆದ್ದರಿಂದ ಕೊರಳಪಟ್ಟಿಗಿಂತ ಎದೆಗೆ ಕಟ್ಟುವ ಪಟ್ಟಿ ಕ್ಷೇಮ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವಾಗ, ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕಾದ ನಾಯಿಗೆ ಬಿಸಿಲಾಘಾತ ಪ್ರಾಣಾಂತಿಕವಾಗಬಹುದು. ಕೂದಲನ್ನು ಪೂರ್ತಿ ಬೋಳಿಸುವುದು ಇದಕ್ಕೆ ಪರಿಹಾರವಲ್ಲ. ಎರಡು ಪದರದ ಆ ಕೂದಲು ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ, ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯದೆಯೂ ಇರಬಹುದು. ಸಾಕಿದವರು ಅದನ್ನು ನಿತ್ಯ ಬಾಚಿ, ಉಣ್ಣಿ ಹುಡುಕಿ ತೆಗೆದು, ನೆರಳು ಮತ್ತು ನೀರು ಒದಗಿಸಿ, ಮಧ್ಯಾಹ್ನ ನಾಯಿಯನ್ನು ಮಾಳಿಗೆಯ ಮೇಲೆ ಕಟ್ಟದಿರಲಿ.