ಕೋರ್ಸ್ ಆರಿಸುವ ಮೊದಲು ಒಂದಿಷ್ಟು ಕೆಲಸ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಒಂದೆರಡು ವಾರದಲ್ಲೇ ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಮಕ್ಕಳ ಮುಂದಿನ ದಾರಿ ತೀರ್ಮಾನವಾಗಿಬಿಡುತ್ತದೆ. ಪಿಸಿಎಂಬಿಯೋ ಪಿಸಿಎಂಸಿಯೋ, ಕಾಮರ್ಸೋ ಆರ್ಟ್ಸೋ, ಅಥವಾ ಪಾಲಿಟೆಕ್ನಿಕ್‌ಗೆ ಸೇರಿಸುವುದೋ ಎಂಬ ಮಾತುಕತೆಗೆ ಸಿಗುವುದು ಅಷ್ಟೇ ಸಮಯ. ಮಗಳಿಗೋ ಮಗನಿಗೋ ಆಗ ಹದಿನಾರು ತುಂಬಿರುವುದೂ ಅನುಮಾನ. ಬಂದ ಅಂಕ, ಕಟ್ಟಬಹುದಾದ ಫೀಸು, ಕಾಲೇಜಿಗಿರುವ ಹೆಸರು, ನೆಂಟರಿಷ್ಟರ ಮಕ್ಕಳು ಏನು ಓದಿ ಎಲ್ಲಿದ್ದಾರೆ ಎಂಬ ಸುದ್ದಿ, ಇವೇ ಆಧಾರ. ಸಿವಿಲ್ ಎಂಜಿನಿಯರ್ ಸೈಟಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ, ರಿಟರ್ನ್ಸ್ ಗಡುವು ಹತ್ತಿರ ಬಂದಾಗ ಆಡಿಟರ್ ಕಚೇರಿ ಹೇಗಿರುತ್ತದೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂದೇ ಕೆಲಸವನ್ನು ದಿನಕ್ಕೆ ಎಷ್ಟು ಸಲ ತಪ್ಪಿಲ್ಲದೆ ಮಾಡಬೇಕು ಎಂಬುದನ್ನು ಕಣ್ಣಾರೆ ಕಂಡವರು ಆ ಮಾತುಕತೆಯಲ್ಲಿ ಬಹುಪಾಲು ಇರುವುದಿಲ್ಲ. ಎರಡು ವರ್ಷ ಕಳೆದು, ಸಿಇಟಿ ರ್‍ಯಾಂಕ್ ಹಿಡಿದು ಆಪ್ಷನ್ ಎಂಟ್ರಿಗೆ ಕೂತಾಗಲೂ ಪರಿಸ್ಥಿತಿ ಬದಲಾಗಿರುವುದಿಲ್ಲ. ಮೊದಲ ಹತ್ತು ಆಯ್ಕೆಗಳೂ ಕಂಪ್ಯೂಟರ್ ಸೈನ್ಸ್ ಅಥವಾ ಅದರ ಸೋದರ ಬ್ರಾಂಚುಗಳೇ. 2024-25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಉತ್ತಮ ಕಾಲೇಜುಗಳಿಗೆ ತೆಗೆದುಹಾಕಿದ್ದರಿಂದ ಈ ಒಲವಿಗೆ ಇನ್ನಷ್ಟು ಜಾಗ ಸಿಕ್ಕಿದೆ.

ಹೆತ್ತವರ ಮುಂದಿರುವ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ‘ಡಿಗ್ರಿ ಮೊದಲೋ, ದುಡಿಮೆ ಮೊದಲೋ’ ಎಂದು ಇಡುತ್ತೇವೆ. ಡಿಗ್ರಿ ಮುಗಿಯಲಿ, ಆಮೇಲೆ ಜೀವನಪೂರ್ತಿ ದುಡಿಯುವುದು ಇದ್ದೇ ಇದೆ ಎಂಬ ಉತ್ತರ ಪ್ರೀತಿಯಿಂದಲೇ ಬರುತ್ತದೆ. ಆದರೆ ಆ ಉತ್ತರದಲ್ಲಿ ಒಂದು ದೊಡ್ಡ ಕೊರತೆ ಇದೆ. ಯಾವ ಡಿಗ್ರಿ ಎಂದು ಸರಿಯಾಗಿ ಆರಿಸಲು ಬೇಕಾದ ತಿಳಿವಳಿಕೆ ಸಿಗುವುದು ಕೆಲಸದ ಜಾಗದಲ್ಲಿ. ಅದನ್ನು ಆಯ್ಕೆ ಮುಗಿದ ಐದಾರು ವರ್ಷಗಳ ನಂತರ ತೋರಿಸುತ್ತಿದ್ದೇವೆ. ಹದಿಹರೆಯದಲ್ಲಿ, ಕಾನೂನು ಒಪ್ಪುವ ಮಿತಿಯೊಳಗೆ, ಕೆಲವು ವಾರಗಳ ನಿಜವಾದ ಕೆಲಸ ಸಿಕ್ಕರೆ ಅದು ಡಿಗ್ರಿಗೆ ಎದುರಾಳಿಯಾಗದೆ ಡಿಗ್ರಿಯ ಆಯ್ಕೆಗೆ ಅತ್ಯುತ್ತಮ ಆಧಾರವಾಗುತ್ತದೆ ಎಂಬುದು ನನ್ನ ವಾದ. ಅಲ್ಲಿ ಸಿಗುವ ಸಂಬಳ ಇಲ್ಲಿ ಗೌಣ.

ಆಯ್ಕೆ ತಪ್ಪಿದ್ದರ ಬೆಲೆ ಎಷ್ಟು ಎಂದು ಅಂಕಿಅಂಶಗಳೇ ಹೇಳುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1ರಷ್ಟಿತ್ತು, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಇದನ್ನು ಅವಸರದಲ್ಲಿ ಓದಿದರೆ ಡಿಗ್ರಿಯೇ ವ್ಯರ್ಥ ಅನ್ನಿಸಬಹುದು. ಹಾಗಲ್ಲ. ಓದು ಬಾರದವರಿಗೆ ಕೆಲಸವಿಲ್ಲದೆ ಕೂರುವ ಶಕ್ತಿಯೇ ಇಲ್ಲ, ಸಿಕ್ಕ ಕೂಲಿಗೆ ಹೋಗಲೇಬೇಕು. ಪದವೀಧರರು ತಮ್ಮ ಓದಿಗೆ ತಕ್ಕ ಕೆಲಸಕ್ಕಾಗಿ ಮನೆಯವರ ಆಸರೆಯಲ್ಲಿ ಕಾಯುತ್ತಾರೆ. ಕೆಲಸ ಸಿಕ್ಕ ಮೇಲೆ ಅವರ ಗಳಿಕೆ ಹೆಚ್ಚೇ ಇರುತ್ತದೆ, ಮತ್ತು ಪಿಡಿಒ, ಎಫ್‌ಡಿಎಯಂಥ ಹುದ್ದೆಗಳಿಗೆ ಪದವಿ ಇಲ್ಲದೆ ಅರ್ಜಿಯನ್ನೂ ಹಾಕುವಂತಿಲ್ಲ. ಹಾಗಾಗಿ ಡಿಗ್ರಿ ಬಿಟ್ಟುಬಿಡಿ ಎಂಬ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಆದರೆ ಆ ಕಾಯುವಿಕೆ ನಿಜ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500 ಕೊಡುವ ಯುವನಿಧಿ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭಿಸಿದ್ದು ಇದು ಎಷ್ಟು ವ್ಯಾಪಕ ಎಂಬುದಕ್ಕೆ ಸಾಕ್ಷಿ. ಕಾಯುವವರಲ್ಲಿ ಎಲ್ಲರೂ ಕೆಲಸದ ಕೊರತೆಯಿಂದಲೇ ಕಾಯುತ್ತಿಲ್ಲ. ತಮ್ಮ ಪದವಿ ಯಾವ ಬಾಗಿಲಿಗೆ ಒಯ್ಯುತ್ತದೆ ಎಂದು ಗೊತ್ತಿಲ್ಲದೆ, ಒಂದಾದ ಮೇಲೊಂದು ಪರೀಕ್ಷೆಗೆ ಅರ್ಜಿ ಹಾಕುತ್ತಾ ವರ್ಷ ಕಳೆಯುವವರೂ ಇದ್ದಾರೆ.

ಎಳೆಯ ವಯಸ್ಸಿನ ಕೆಲಸ ಮಕ್ಕಳಿಗೆ ಏನು ಮಾಡುತ್ತದೆ ಎಂಬ ಬಗ್ಗೆ ಸಂಶೋಧಕರು ದಶಕಗಳಿಂದ ಜಗಳವಾಡಿದ್ದಾರೆ. ಅಮೆರಿಕದಲ್ಲಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತವರ ಸಂಗಡಿಗರು, ಶಾಲಾ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹೈಸ್ಕೂಲು ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂದು ತೋರಿಸಿದರು. ಮಿನೆಸೋಟ ವಿಶ್ವವಿದ್ಯಾಲಯದ ಜೇಲನ್ ಮಾರ್ಟಿಮರ್, ಸೇಂಟ್ ಪಾಲ್ ನಗರದ ಸುಮಾರು ಸಾವಿರ ಮಕ್ಕಳನ್ನು 1980ರ ದಶಕದ ಕೊನೆಯಿಂದ ವರ್ಷಗಟ್ಟಲೆ ಹಿಂಬಾಲಿಸಿ, ಕಡಿಮೆ ಗಂಟೆ ನಿಯಮಿತವಾಗಿ ದುಡಿದವರು ಮುಂದೆ ಪದವಿ ಮುಗಿಸುವುದರಲ್ಲೂ ಚೆನ್ನಾಗಿಯೇ ಮಾಡಿದರು ಎಂದು ಕಂಡುಕೊಂಡರು. ಆದರೂ ಒಂದು ಅನುಮಾನ ಉಳಿಯುತ್ತಿತ್ತು: ಚುರುಕಾದ ಮಕ್ಕಳೇ ಕೆಲಸಕ್ಕೆ ಹೋಗುತ್ತಿದ್ದರೆ? ಅದಕ್ಕೆ ಉತ್ತರ ಸಿಕ್ಕಿದ್ದು ಉರುಗ್ವೆ ದೇಶದಲ್ಲಿ. ಅಲ್ಲಿನ ಸರ್ಕಾರ 16ರಿಂದ 20 ವರ್ಷದ ವಿದ್ಯಾರ್ಥಿಗಳಿಗೆ ಸರ್ಕಾರಿ ಉದ್ದಿಮೆಗಳಲ್ಲಿ ಗರಿಷ್ಠ ಒಂದು ವರ್ಷದ ಅರೆಕಾಲಿಕ ಕೆಲಸ ಕೊಡುತ್ತದೆ, ಓದು ಬಿಡಬಾರದು ಎಂಬ ಷರತ್ತಿನ ಮೇಲೆ. ಅರ್ಜಿಗಳು ತುಂಬಾ ಬರುವುದರಿಂದ ಲಾಟರಿ ಎತ್ತುತ್ತಾರೆ. ಚೀಟಿ ಬಂದವರು ಜಾಣರು, ಬಾರದವರು ದಡ್ಡರು ಎನ್ನಲು ಬರುವುದಿಲ್ಲವಲ್ಲ, ಹಾಗಾಗಿ ಹೋಲಿಕೆ ನ್ಯಾಯವಾದದ್ದು. ಕೆಲಸ ಮಾಡಿದವರ ಗಳಿಕೆ ಕೆಲವು ವರ್ಷಗಳ ನಂತರವೂ ಉಳಿದವರಿಗಿಂತ ಮೇಲಿತ್ತು, ಓದು ಬಿಟ್ಟವರ ಸಂಖ್ಯೆ ಹೆಚ್ಚಲಿಲ್ಲ, ಅಂಕಗಳೂ ಕುಸಿಯಲಿಲ್ಲ. ಮಿತಿ ಮತ್ತು ಷರತ್ತು ಎರಡೂ ಇದ್ದಾಗ ಕೆಲಸ ಓದನ್ನು ತಿಂದುಹಾಕುವುದಿಲ್ಲ ಎಂದು ಧೈರ್ಯವಾಗಿ ಹೇಳಲು ಇಷ್ಟು ಆಧಾರ ಸಾಕು.

ನಮ್ಮಲ್ಲಿ ಈ ಯೋಚನೆ ಹೊಸದೂ ಅಲ್ಲ. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ 1964–66ರ ಶಿಕ್ಷಣ ಆಯೋಗ, ಕಾರ್ಯಾನುಭವ ಎಲ್ಲ ಹಂತದ ಶಿಕ್ಷಣದ ಭಾಗವಾಗಬೇಕು ಎಂದು ಹೇಳಿತ್ತು. ಅದು ಶಾಲೆಗಳಲ್ಲಿ ವಾರಕ್ಕೊಂದು ಪೀರಿಯಡ್ ಆಗಿ, ಎಷ್ಟೋ ಕಡೆ ಗಣಿತದ ಮೇಷ್ಟ್ರಿಗೆ ಸಿಲೆಬಸ್ ಮುಗಿಸಲು ಸಿಗುವ ಅವಧಿಯಾಗಿ ಕರಗಿತು. ಪಿಯು ಹಂತದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ದಶಕಗಳ ಕಾಲ ನಡೆದು ಮುಚ್ಚಿಹೋದವು. ಜೆಒಸಿಗೆ ಹೋದವರೆಂದರೆ ಸೈನ್ಸ್ ಸಿಗದವರು ಎಂಬ ಭಾವನೆ ಬೇರೂರಿದ ಮೇಲೆ ಒಳ್ಳೆಯ ಅಧ್ಯಾಪಕರಿಂದಲೂ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಕೆಲಸ ಕಲಿಯುವುದನ್ನು ಕಡಿಮೆ ಅಂಕದವರ ಪಾಲಿಗೆ ಎತ್ತಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ರಾಷ್ಟ್ರೀಯ ಶಿಕ್ಷಣ ನೀತಿ 2020 ಮತ್ತೆ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯುವ ಅವಕಾಶ ಹೇಳಿತು. ನೀತಿಯ ಬಗ್ಗೆ ರಾಜ್ಯದಲ್ಲಿ ಏನೇ ತಕರಾರಿರಲಿ, ನಾಲ್ಕು ವರ್ಷದ ಡಿಗ್ರಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ಗದ್ದಲದ ನಡುವೆ ಈ ಅಂಶದ ಚರ್ಚೆಯೇ ಆಗಲಿಲ್ಲ.

ಹೆತ್ತವರ ಮೊದಲ ಆಕ್ಷೇಪ ಸಮಯದ್ದು. ಪಿಯುಸಿಯ ಎರಡು ವರ್ಷ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಅಂತ ಮಕ್ಕಳಿಗೆ ಉಸಿರಾಡಲೂ ಬಿಡುವಿಲ್ಲ, ಇನ್ನು ಕೆಲಸ ಎಲ್ಲಿ? ಆ ಎರಡು ವರ್ಷದ ಮಾತಾದರೆ ಅವರು ಹೇಳುವುದು ಸರಿ, ಅಲ್ಲಿ ಕೈಹಾಕುವುದು ಬೇಡ. ಆದರೆ ನಮ್ಮ ಕ್ಯಾಲೆಂಡರಿನಲ್ಲಿ ಎರಡು ಖಾಲಿ ಜಾಗಗಳಿವೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ತರಗತಿ ಶುರುವಾಗುವವರೆಗಿನ ಬೇಸಿಗೆ ಒಂದು. ಪ್ರವೇಶ ಪರೀಕ್ಷೆಗಳು ಮುಗಿದು ಸೀಟು ಹಂಚಿಕೆಯ ಸುತ್ತುಗಳು ಎಳೆಯುತ್ತಾ ಹೋಗುವ ತಿಂಗಳುಗಳು ಇನ್ನೊಂದು. ಈ ಎರಡನೆಯದು ಅಮೂಲ್ಯ, ಯಾಕೆಂದರೆ ಆಪ್ಷನ್ ಬದಲಾಯಿಸುವ ಅವಕಾಶ ಆಗ ಇನ್ನೂ ಇರುತ್ತದೆ. ಆ ಹೊತ್ತಿನಲ್ಲಿ ಮೂರು ವಾರ ವರ್ಕ್‌ಶಾಪಿನಲ್ಲೋ ಬೀಜದಂಗಡಿಯಲ್ಲೋ ಫಾರ್ಮಸಿಯಲ್ಲೋ ನಿಂತ ಹುಡುಗಿಗೆ ಮೆಕ್ಯಾನಿಕಲ್, ಬಿಎಸ್ಸಿ ಕೃಷಿ, ಬಿ.ಫಾರ್ಮ್ ಎಂಬ ಹೆಸರುಗಳ ಹಿಂದೆ ಮನುಷ್ಯರು, ವಾಸನೆ, ಸದ್ದು, ಬೇಸರ, ಖುಷಿ ಎಲ್ಲ ಕಾಣುತ್ತವೆ. ಇದು ನನಗೆ ಆಗದು ಎಂದು ಗೊತ್ತಾಗುವುದೂ ದೊಡ್ಡ ಲಾಭವೇ. ನಾಲ್ಕು ವರ್ಷ, ಹಲವು ಲಕ್ಷ ರೂಪಾಯಿ ಸುರಿದ ಮೇಲೆ ಗೊತ್ತಾಗುವ ಬದಲು ಮೂರು ವಾರದಲ್ಲಿ ಗೊತ್ತಾಯಿತಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಹಳ ಗಂಭೀರವಾದದ್ದು. ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ತರಲು ಈ ನಾಡು ಎಷ್ಟು ಹೋರಾಡಿದೆ! ತಲೆಮಾರುಗಳಿಂದ ಜಾತಿ ಹೊರಿಸಿದ ಕೆಲಸವನ್ನೇ ಮಾಡುತ್ತಾ ಬಂದ ಮನೆಗಳಿಗೆ ಡಿಗ್ರಿ ಎಂದರೆ ಬಿಡುಗಡೆಯ ಕಾಗದ. ಅವರಿಗೆ ಮಕ್ಕಳು ಕೆಲಸ ಮಾಡಲಿ ಎಂದು ಹೇಳಲು ಯಾರಿಗೆ ಅಧಿಕಾರವಿದೆ? ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವಂತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯಿಂದ ಮುಂಬೈಗೆ ಹೋದ ಸಾವಿರಾರು ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕೂತರು. ಮೊಗವೀರ ಸಮಾಜದವರು, ಬಿಲ್ಲವ ಸಮಾಜದವರು ನಡೆಸಿದ ಆ ಶಾಲೆಗಳಿಂದ ವಕೀಲರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳು ಬಂದರು. ಆ ಹುಡುಗರನ್ನು ಮೇಲೆತ್ತಿದ್ದು ಲೋಟ ತೊಳೆದ ಅನುಭವ ಎನ್ನುವುದು ಕ್ರೂರ. ಮೇಲೆತ್ತಿದ್ದು ತೆರೆದಿದ್ದ ಶಾಲೆ. ನನ್ನ ವಾದಕ್ಕೂ ಅದೇ ಷರತ್ತು. ಓದಿನ ಬಾಗಿಲು ಮುಚ್ಚುವ, ಮನೆಯ ಖರ್ಚಿಗೆ ಆಧಾರವಾಗುವ, ಅಪ್ಪ ಮಾಡಿದ್ದನ್ನೇ ಮಗ ಮಾಡುವಂತೆ ಕಟ್ಟಿಹಾಕುವ ಕೆಲಸ ಬೇಡವೇ ಬೇಡ. ಗಾರೆ ಕೆಲಸದವರ ಮಗಳಿಗೆ ಆರ್ಕಿಟೆಕ್ಟ್ ಕಚೇರಿಯ ಒಳಗೆ ಮೂರು ವಾರ ಸಿಗಬೇಕು. ಅಂಥ ಬಾಗಿಲುಗಳು ಪರಿಚಯಸ್ಥರಿರುವ ಮನೆಗಳ ಮಕ್ಕಳಿಗೆ ಈಗಲೂ ತೆರೆಯುತ್ತವೆ, ಪರಿಚಯವಿಲ್ಲದವರಿಗೆ ತೆರೆಯುವುದಿಲ್ಲ. ಅನ್ಯಾಯ ಇರುವುದು ಅಲ್ಲಿ.

ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ, 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಂದ ದೂರ ಇಡುತ್ತದೆ. ಈ ವಯಸ್ಸಿನವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು. ನಾನು ಹೇಳುವ ಕೆಲವು ವಾರಗಳ ಕೆಲಸ ಇರಬೇಕಾದದ್ದು ಈ ಮಿತಿಯೊಳಗೇ.

ಕೆಲಸದ ಅನುಭವ ಅಷ್ಟು ಮುಖ್ಯವಾಗಿದ್ದರೆ ನೇರವಾಗಿ ಕೆಲಸ ಕಲಿಸುವ ಸಂಸ್ಥೆಗೇ ಸೇರಿಸಬಾರದೇಕೆ ಎಂದು ಕೇಳುವವರಿದ್ದಾರೆ. ಸೇರಿಸಬಹುದು. ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿ, ಎನ್‌ಟಿಟಿಎಫ್, ಬಿಡದಿಯಲ್ಲಿ 2007ರಿಂದ ಗ್ರಾಮೀಣ ಮಕ್ಕಳನ್ನು ಹತ್ತನೇ ತರಗತಿಯ ನಂತರ ತೆಗೆದುಕೊಳ್ಳುವ ಟೊಯೊಟಾದ ತರಬೇತಿ ಸಂಸ್ಥೆ, ಇವೆಲ್ಲ ಗೌರವದ ದಾರಿಗಳು. ಆದರೆ ಎರಿಕ್ ಹನುಶೆಕ್ ಮತ್ತಿತರ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಮಾಹಿತಿ ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೆತ್ತವರು ಗಮನಿಸಬೇಕು. ವೃತ್ತಿಶಿಕ್ಷಣ ಪಡೆದವರಿಗೆ ಮೊದಲ ಕೆಲಸ ಬೇಗ ಸಿಗುತ್ತದೆ. ವಯಸ್ಸಾಗುತ್ತಾ ತಂತ್ರಜ್ಞಾನ ಬದಲಾದಾಗ ಸಾಮಾನ್ಯ ಶಿಕ್ಷಣದವರು ಹೊಂದಿಕೊಂಡಷ್ಟು ಸುಲಭವಾಗಿ ಅವರು ಹೊಂದಿಕೊಳ್ಳುವುದಿಲ್ಲ. ಯಂತ್ರಗಳೇ ಕೋಡ್ ಬರೆಯತೊಡಗಿರುವ ಈ ಕಾಲದಲ್ಲಿ ಇದು ಕಡೆಗಣಿಸುವ ಮಾತಲ್ಲ. ಅದೃಷ್ಟಕ್ಕೆ ನಮ್ಮಲ್ಲಿ ದಾರಿಗಳು ಒಂದಕ್ಕೊಂದು ಕೂಡುತ್ತವೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಅಪ್ರೆಂಟಿಸ್‌ಷಿಪ್ ಸೇರಿಸಿದ ಪದವಿ ಕೋರ್ಸುಗಳು ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಬಂದಿವೆ. ಡಿಗ್ರಿ ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟಿನ ಫ್ಲೆಕ್ಸ್ ನೋಡುವ ಬದಲು, ಎರಡನೇ ವರ್ಷದ ಮಕ್ಕಳು ಎಲ್ಲಿಗೆ ಇಂಟರ್ನ್‌ಷಿಪ್‌ಗೆ ಹೋಗುತ್ತಾರೆ, ಅಲ್ಲಿ ಅವರ ಕೆಲಸವನ್ನು ಯಾರು ನೋಡುತ್ತಾರೆ ಎಂದು ಕೇಳಬೇಕು. ದುಡ್ಡು ಕಟ್ಟಿದರೆ ಮನೆಗೇ ಬರುವ ಇಂಟರ್ನ್‌ಷಿಪ್ ಸರ್ಟಿಫಿಕೇಟುಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅವುಗಳಿಂದ ಮಗು ಕಲಿಯುವುದು ಏನೂ ಇಲ್ಲ.

ಹೆಣ್ಣುಮಕ್ಕಳ ಹೆತ್ತವರಿಗೆ ಭದ್ರತೆಯ ಭಯ ಇದ್ದೇ ಇದೆ, ಅದಕ್ಕೆ ಕಾರಣಗಳೂ ಇವೆ. ಆದರೂ ಈ ವಾದ ಎಲ್ಲರಿಗಿಂತ ಹೆಚ್ಚು ಅನ್ವಯಿಸುವುದು ಅವರಿಗೇ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ಮೇಲುಗೈ ಸಾಧಿಸುವ ಹುಡುಗಿಯರು ಹತ್ತು ವರ್ಷದ ನಂತರ ಸಂಬಳದ ಕೆಲಸಗಳಲ್ಲಿ ಅದೇ ಪ್ರಮಾಣದಲ್ಲಿ ಕಾಣುವುದಿಲ್ಲ. ಕಚೇರಿ ಎಂದರೇನು ಎಂದು ಹದಿನಾರರಲ್ಲೇ ಗೊತ್ತಿರುವ ಹುಡುಗಿಗೆ ಇಪ್ಪತ್ತೆರಡರಲ್ಲಿ ಮದುವೆಯ ಮಾತು ಬಂದಾಗ ಮನೆಯವರ ಮುಂದೆ ತನ್ನ ಕೆಲಸದ ಪರವಾಗಿ ಮಾತಾಡಲು ಏನಾದರೂ ಇರುತ್ತದೆ. ಜಾಗಗಳು ದೂರ ಇರಬೇಕಾಗಿಲ್ಲ. ಊರಿನ ಹಾಲಿನ ಡೇರಿ, ಸಹಕಾರ ಸಂಘ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಕೃಷಿ ವಿಜ್ಞಾನ ಕೇಂದ್ರ, ಪ್ರೆಸ್ಸು, ವಕೀಲರ ಕಚೇರಿ ಎಲ್ಲವೂ ಹತ್ತಿರದಲ್ಲೇ ಇವೆ. ಇವುಗಳ ಜತೆ ಮಾತಾಡಿ, ನಂಬಿಕೆಯ ಜಾಗಗಳ ಪಟ್ಟಿ ಮಾಡಿ, ಪರಿಚಯವಿಲ್ಲದ ಮನೆಗಳ ಮಕ್ಕಳಿಗೆ ಮೊದಲು ಅವಕಾಶ ಕೊಡುವ ಕೆಲಸವನ್ನು ಹೈಸ್ಕೂಲು, ಪಿಯು ಕಾಲೇಜುಗಳೇ ಮಾಡಬೇಕು. ಸಿಇಟಿ ಕೋಚಿಂಗಿಗೆ ಮೇಷ್ಟ್ರುಗಳನ್ನು ಬೇರೆ ಊರಿನಿಂದ ಕರೆಸುವ ಕಾಲೇಜಿಗೆ ತನ್ನದೇ ಊರಿನ ಇಪ್ಪತ್ತು ಕಚೇರಿಗಳಿಗೆ ಪತ್ರ ಬರೆಯುವುದು ಕಷ್ಟವಾಗದು. ಈ ವರ್ಷದ ಪೋಷಕರ ಸಭೆಯಲ್ಲಿ ಅದನ್ನು ಕೇಳುವ ನಾಲ್ಕು ಜನ ಬೇಕು.