ಬೋಲ್ಟಿನ ಮೂಲೆ ಉಳಿಸುವ ಸ್ಪ್ಯಾನರ್

ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಲಿನ ತೆಂಗಿನ ತೋಟದ ಮನೆಗಳಲ್ಲಿ ಬೈಕು, ಟಿಲ್ಲರು, ಔಷಧಿ ಹೊಡೆಯುವ ಪಂಪು ಈಗ ಸಾಮಾನ್ಯ. ಚೈನು ಬಿಗಿ ಮಾಡಲು, ಆಯಿಲ್ ಬದಲಿಸಲು ಪ್ರತಿ ಸಲ ಅರಸೀಕೆರೆಗೆ ಓಡಬೇಕಿಲ್ಲ. ಒಳ್ಳೆಯ ನಾಲ್ಕಾರು ಸ್ಪ್ಯಾನರ್ ಮನೆಯಲ್ಲಿದ್ದರೆ ಸಾಕು. ಆದರೆ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ನೂರೆಂಟು ಸಾಮಾನು ತುಂಬಿದ, ಥಳಥಳ ಹೊಳೆಯುವ ಅಗ್ಗದ ಪೆಟ್ಟಿಗೆ. ಅದನ್ನು ಕೊಳ್ಳಬೇಡಿ.

ಹೊಳಪು ಮೇಲಿನ ಲೇಪದ್ದು. ಬಾಳಿಕೆ ಒಳಗಿನ ಉಕ್ಕಿನದು. ಒಳ್ಳೆಯ ಸ್ಪ್ಯಾನರನ್ನು ಸಾಮಾನ್ಯವಾಗಿ ಕ್ರೋಮ್ ವೆನೇಡಿಯಂ ಉಕ್ಕನ್ನು ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಬಡಿದು, ಆಮೇಲೆ ಹದ ಕೊಟ್ಟು ಮಾಡುತ್ತಾರೆ. ಮಿಶ್ರಲೋಹದ ಉಕ್ಕು ನಮ್ಮ ಸೀಮೆಗೆ ಹೊಸದೇನಲ್ಲ: ಬೀರೂರು ದಾಟಿದರೆ ಸಿಗುವ, 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಾರ್ಖಾನೆ ಅದಕ್ಕೇ ಹೆಸರಾಗಿತ್ತು. ಹದ ತಪ್ಪಿ ಮೆತ್ತಗಾದರೆ ಸ್ಪ್ಯಾನರಿನ ಬಾಯಿ ಅಗಲುತ್ತದೆ, ಅತಿ ಗಡುಸಾದರೆ ಸಿಡಿಯುತ್ತದೆ. ಬಾಯಿ ಕೂದಲೆಳೆಯಷ್ಟು ಅಗಲಿದರೂ ಬೋಲ್ಟಿನ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಪುಡಿಗಾಸಿನ ಆ ಬೋಲ್ಟನ್ನು ಬಿಚ್ಚಲು ಆಮೇಲೆ ವೆಲ್ಡಿಂಗ್ ಅಂಗಡಿಯೇ ಗತಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹೊಸ ನಟ್ಟೊಂದನ್ನು ಇಟ್ಟುಕೊಳ್ಳಿ. ಸ್ಪ್ಯಾನರಿಗೆ ಕೂರಿಸಿ ಅಲ್ಲಾಡಿಸಿ ನೋಡಿ. ಗಡಗಡ ಆಡಿದರೆ ಅಲ್ಲೇ ಬಿಟ್ಟು ಬನ್ನಿ. 1969ರಲ್ಲಿ ತಯಾರಿಕೆ ಶುರುಮಾಡಿದ ನಾಶಿಕದ ತಪಾರಿಯಾದಂಥ ಕಂಪನಿಗಳ ಮಾಲು ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಹೆಸರಿದ್ದಲ್ಲಿ ನಕಲೂ ಇರುತ್ತದಾದ್ದರಿಂದ ಬಿಲ್ಲು ಕೇಳಿ ಪಡೆಯಿರಿ.

ಅಳತೆಯ ವಿಚಾರ ಬಹಳ ಜನ ಗಮನಿಸುವುದಿಲ್ಲ. ನಮ್ಮ ಬೈಕುಗಳಲ್ಲಿ ಹಲವು ಜಪಾನಿ ವಿನ್ಯಾಸದಿಂದ ಬಂದವು. 8 ಮಿ.ಮೀ. ದಪ್ಪದ ಬೋಲ್ಟಿಗೆ ಅಲ್ಲಿ 12ರ ತಲೆ. ಬೇರೆ ಯಂತ್ರಗಳಲ್ಲಿ ಅದೇ ಬೋಲ್ಟಿಗೆ 13. ಹಾಗಾಗಿ 12-13ರ ಜೋಡಿ ಇರಲೇಬೇಕು. ಕಾರ್ಬುರೇಟರಿನ ಪ್ಲಸ್ ಸ್ಕ್ರೂ ಕೂಡ ಎಷ್ಟೋ ಬೈಕುಗಳಲ್ಲಿ ಜಪಾನಿ ಮಾದರಿಯದು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಇಳಿಯದೆ ಜಾರಿ ತಲೆ ಕೆಡಿಸುತ್ತದೆ. ಜಪಾನಿ ಮಾನದಂಡದ, ಅಂದರೆ ಜೆಐಎಸ್ ತುದಿಯದು ಸ್ವಲ್ಪ ದುಬಾರಿಯಾದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬಾಕ್ಸ್ ಸ್ಪ್ಯಾನರಿನಲ್ಲಿ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ಲೇಸು. ಸವೆದ ಬೋಲ್ಟನ್ನೂ ಹಿಡಿಯುತ್ತದೆ. ಸ್ಕ್ರೂ ಸ್ಪ್ಯಾನರ್ ನಲ್ಲಿ, ಪೈಪಿನ ಕೆಲಸಕ್ಕಿರಲಿ, ಎಂಜಿನ್ ಹತ್ತಿರ ತರಬೇಡಿ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟರೆ ತುಕ್ಕಿನ ಭಯವಿಲ್ಲ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ 10-11, 12-13, 14-15, 16-17ರ ನಾಲ್ಕು ರಿಂಗ್ ಸ್ಪ್ಯಾನರನ್ನಷ್ಟೇ ಮೊದಲು ಕೊಳ್ಳಿ. ಉಳಿದದ್ದನ್ನು ಕೆಲಸ ಬಿದ್ದ ಹಾಗೆ ಒಂದೊಂದಾಗಿ ತನ್ನಿ.