ಎಚ್ಚರದ ಲೆಕ್ಕ ಇಡುವ ಅಡಿನೋಸಿನ್

ಪರೀಕ್ಷೆ ಹತ್ತಿರ ಬಂತೆಂದರೆ ವಿದ್ಯಾರ್ಥಿಗಳು ನನ್ನಲ್ಲಿ ಪಾಠದ ಸಂಶಯಕ್ಕಿಂತ ಹೆಚ್ಚಾಗಿ ಕೇಳುವುದು, “ಸರ್, ರಾತ್ರಿ ನಿದ್ದೆ ಬಾರದಂತೆ ಏನು ಮಾಡಬೇಕು?” ಎಂದು. ನಿದ್ದೆಯೆಂದರೆ ಸೋಮಾರಿತನವೆಂದೇ ಹಲವರು ತಿಳಿದಿದ್ದಾರೆ. ಆದರೆ ಅದರ ಹಿಂದೆ ಮಿದುಳಿನ ರಸಾಯನಶಾಸ್ತ್ರವಿದೆ. ಅದರ ಸುಳಿವು ಸಿಕ್ಕಿದ್ದು ಪ್ರಾಣಿಗಳಿಂದ.

20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲೆಜಾಂಡ್ರ್ ಮತ್ತು ಪಿಯೆರಾನ್ ಎಂಬ ವಿಜ್ಞಾನಿಗಳು ನಾಯಿಗಳನ್ನು ದಿನಗಟ್ಟಲೆ ನಿದ್ದೆಗೆಡಿಸಿ, ಅವುಗಳ ಮಿದುಳಿನ ಸುತ್ತಲಿನ ದ್ರವವನ್ನು ತೆಗೆದು, ಚೆನ್ನಾಗಿ ನಿದ್ದೆ ಮಾಡಿದ್ದ ನಾಯಿಗಳಿಗೆ ಚುಚ್ಚಿದರು. ಅವೂ ಮಲಗಿಬಿಟ್ಟವು! (ಆ ನಾಯಿಗಳ ಪಾಡು ನೆನೆದರೆ ನನಗೆ ಬೇಸರವಾಗುತ್ತದೆ.) ದ್ರವದಲ್ಲಿ ಏನೋ ಇದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ನಿದ್ದೆ ತರಿಸುವ ಅಂಥ ವಸ್ತುಗಳಲ್ಲಿ ಇಂದು ಚೆನ್ನಾಗಿ ಪರಿಚಿತವಾದದ್ದು ಅಡಿನೋಸಿನ್. ನೀವು ಓದಿರುವ ಎಟಿಪಿಯಲ್ಲಿನ ‘ಎ’ ಇದೇ. ಮಿದುಳಿನ ಕೋಶಗಳು ಶಕ್ತಿಯನ್ನು ಖರ್ಚು ಮಾಡಿದಂತೆಲ್ಲ ಇದು ಕೋಶಗಳ ಹೊರಗೆ ಸೇರುತ್ತ ಹೋಗುತ್ತದೆ. ತಾರ್ಯಾ ಪೋರ್ಕ-ಹೇಯ್ಸ್ಕಾನೆನ್, ರಾಬರ್ಟ್ ಮೆಕಾರ್ಲಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಕ್ಕುಗಳ ಮುಂಮಿದುಳಿನ ತಳಭಾಗಕ್ಕೆ ತೀರ ಸಣ್ಣ ಕೊಳವೆ ಇಳಿಸಿ ಇದನ್ನು ಅಳೆದರು. ಬೆಕ್ಕುಗಳನ್ನು 6 ಗಂಟೆ ಮಲಗಲು ಬಿಡದಿದ್ದಾಗ ಅಡಿನೋಸಿನ್ ಸುಮಾರು ಎರಡು ಪಟ್ಟಾಯಿತು. ಮಲಗಲು ಬಿಟ್ಟ ಮೇಲೆ ಅದು ಥಟ್ಟನೆ ಇಳಿಯಲಿಲ್ಲ, ಗಂಟೆಗಟ್ಟಲೆ ನಿಧಾನವಾಗಿ ಇಳಿಯಿತು.

ಎಲ್ಲ ರಾಸಾಯನಿಕಗಳೂ ಹೀಗೆ ನಿಧಾನವಲ್ಲ. ಮಲಗಿದ ಬೆಕ್ಕಿನ ಮೀಸೆ ಅದುರುವುದನ್ನು, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುವುದನ್ನು ನೀವು ಕಂಡಿರಬಹುದು. ಆ ಹಂತದಲ್ಲಿ ಅಸಿಟೈಲ್‌ಕೋಲೀನ್ ಎಚ್ಚರದಲ್ಲಿರುವಂತೆಯೇ ಹೆಚ್ಚಿರುತ್ತದೆ. ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಸುರಿಸುವ ನರಕೋಶಗಳು ಮಾತ್ರ ಹೆಚ್ಚುಕಡಿಮೆ ಮೌನವಾಗಿರುತ್ತವೆ. ಮಿದುಳು ಒಂದು ರೀತಿಯಲ್ಲಿ ಎದ್ದೇ ಇದೆ, ದೇಹ ಮಲಗಿದೆ.

ಇನ್ನು ಚಹಾ. ಅಡಿನೋಸಿನ್ ಬಂದು ಕೂರಬೇಕಾದ ಗ್ರಾಹಕಗಳಲ್ಲಿ ಕೆಫೀನ್ ಕೂತುಬಿಡುತ್ತದೆ. ಸಂದೇಶ ಮುಟ್ಟುವುದಿಲ್ಲ, ನಿದ್ದೆ ದೂರವಾದಂತೆ ಅನ್ನಿಸುತ್ತದೆ. ಆದರೆ ಸೇರಿಕೊಂಡ ಅಡಿನೋಸಿನ್ ಅಲ್ಲೇ ಇದೆ, ನಾವು ಎದ್ದಿರುವವರೆಗೂ ಏರುತ್ತಲೇ ಇದೆ. ಕೆಫೀನ್ ಜಾಗ ಬಿಟ್ಟಾಗ ಅದೆಲ್ಲ ಒಟ್ಟಿಗೆ ನುಗ್ಗುತ್ತದೆ, ಬಹಳ ಸಲ ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ. ಇತ್ತ ಮಲಗಬೇಕೆಂದರೂ ಕಷ್ಟ: ರಕ್ತದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದ ಸ್ಟ್ರಾಂಗ್ ಚಹಾದ ಅರ್ಧ ಪಾಲು 2 ಗಂಟೆಗೂ ನಮ್ಮೊಳಗೆ ಓಡಾಡುತ್ತಿರುತ್ತದೆ.